ಶುಕ್ರವಾರ 7–2, ಶನಿವಾರ 4–4: ಕಾಲೇಜು ಐಸ್ ಹಾಕಿ ರೆಫ್ರಿಗಳು ಪಕ್ಷಪಾತಿಗಳಾ?

ಪ್ರಶ್ನೆ: ಸರ್, ನಾನು ಧಾರವಾಡದವನು. ಈಗ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಎಂಎಸ್ ಓದುತ್ತಿದ್ದೇನೆ. ಇಲ್ಲಿಗೆ ಬರುವವರೆಗೆ ಐಸ್ ಹಾಕಿ ಕಣ್ಣಿಂದ ನೋಡಿರಲಿಲ್ಲ, ಈಗ ನಮ್ಮ ಕಾಲೇಜಿನ ಒಂದು ಆಟವನ್ನೂ ಬಿಡುವುದಿಲ್ಲ. ಹೋದ ತಿಂಗಳು ನಮ್ಮದೇ ರಿಂಕಿನಲ್ಲಿ ಶುಕ್ರವಾರ ರಾತ್ರಿ ನಮ್ಮವರಿಗೆ ಏಳು ಪೆನಾಲ್ಟಿ ಕೊಟ್ಟರು, ಎದುರಿನವರಿಗೆ ಎರಡೇ. ನಾವು ಸೋತೆವು. ಶನಿವಾರ ಅದೇ ಎರಡು ತಂಡ, ಅದೇ ರೆಫ್ರಿಗಳು, ಪೆನಾಲ್ಟಿ ನಾಲ್ಕು–ನಾಲ್ಕು. ಶುಕ್ರವಾರ ಯಾವುದಕ್ಕೆ ಸೀಟಿ ಊದಿದರೋ ಅದಕ್ಕೇ ಶನಿವಾರ ಸುಮ್ಮನಿದ್ದರು. ಪಕ್ಕದಲ್ಲಿ ಕೂರುವ ಹಳೆಯ ಅಭಿಮಾನಿಗಳು ‘ಈ ಲೀಗಿನ ರೆಫ್ರಿಗಳಿಗೆ ನಮ್ಮನ್ನು ಕಂಡರೆ ಆಗಲ್ಲ’ ಅಂತಾರೆ. ಇದು ನಿಜಾನಾ? ಇಷ್ಟು ದೊಡ್ಡ ಆಟಕ್ಕೆ ಒಂದು ಅಳತೆ ಅಂತ ಇಲ್ವಾ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಶುಕ್ರವಾರದ ಏಳು–ಎರಡು ನನಗೆ ಅಷ್ಟು ವಿಚಿತ್ರ ಅನ್ನಿಸಲಿಲ್ಲ. ಶನಿವಾರದ ನಾಲ್ಕು–ನಾಲ್ಕು ಇದೆಯಲ್ಲ, ಅದನ್ನು ಓದಿದಾಗಲೇ ಅನುಮಾನ ಬಂತು. ಇದು ಉಲ್ಟಾ ಮಾತು ಅನ್ನಿಸಬಹುದು. ಆದರೆ ಒಂದೇ ಅಳತೆ ಇಲ್ಲ ಅನ್ನುವ ನಿಮ್ಮ ದೂರು ನಿಜ, ನಿಮ್ಮ ತಂಡದ ಮೇಲೆ ಹಗೆ ಇದೆ ಅನ್ನುವ ಪಕ್ಕದ ಸೀಟಿನವರ ದೂರಿಗೆ ಬುಡ ಇಲ್ಲ, ಮತ್ತು ಈ ಆಟದಲ್ಲಿ ಇರುವ ನಿಜವಾದ ಪಕ್ಷಪಾತದ ಬಗ್ಗೆ ಗ್ಯಾಲರಿಯಲ್ಲಿ ಯಾರೂ ಕೂಗುವುದೇ ಇಲ್ಲ. ಎರಡೂ ಕಡೆಯ ಪೆನಾಲ್ಟಿ ಲೆಕ್ಕವನ್ನು ಸರಿತೂಗಿಸುವ ಚಾಳಿ ಅದು.

ನಾನು ಮಿನ್ನೆಸೋಟದಲ್ಲಿ ಹನ್ನೆರಡು ವರ್ಷ ರೆಫ್ರಿ ಆಗಿದ್ದೆ. ಮೊದಲು ಮಕ್ಕಳ ಆಟ, ಆಮೇಲೆ ಹೈಸ್ಕೂಲ್ ಆಟ. ಕಾಲೇಜು ಆಟಕ್ಕೆ ಸೀಟಿ ಊದಿಲ್ಲ, ಆದರೆ ಊದುವವರ ಜೊತೆ ಬೇಸಿಗೆ ಶಿಬಿರಗಳಲ್ಲಿ ಕೂತು ಗಂಟೆಗಟ್ಟಲೆ ವಿಡಿಯೋ ನೋಡಿದ್ದೇನೆ, ಅವರ ಜೊತೆ ವಾದವನ್ನೂ ಮಾಡಿದ್ದೇನೆ. ಆ ಅನುಭವದಿಂದ ಬರೆಯುತ್ತಿದ್ದೇನೆ.

ಈ ಆಟ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ನಮ್ಮಲ್ಲಿ ಹಾಕಿ ಅಂದರೆ ಕೊಡಗು, ಹುಲ್ಲು, ಈಗ ಟರ್ಫ್. ಅಲ್ಲಿ ಹಸಿರು ಕಾರ್ಡ್ ತೋರಿಸಿದರೆ ಆಟಗಾರ ಎರಡು ನಿಮಿಷ ಹೊರಗೆ ಕೂರುತ್ತಾನೆ. ಐಸ್ ಹಾಕಿಯ ಮೈನರ್ ಪೆನಾಲ್ಟಿಯೂ ಎರಡೇ ನಿಮಿಷ. ಗೋಲಿಯನ್ನು (ಗೋಲ್‌ಕೀಪರ್) ಬಿಟ್ಟರೆ ಐದು ಜನ ಆಡುವ ಕಡೆ ನಾಲ್ವರು ಉಳಿಯುತ್ತಾರೆ, ಎದುರಿನವರಿಗೆ ಅದು ಪವರ್ ಪ್ಲೇ. ಮೇಜರ್ ಪೆನಾಲ್ಟಿ ಆದರೆ ಐದು ನಿಮಿಷ, ಅಷ್ಟರಲ್ಲಿ ಎಷ್ಟು ಗೋಲು ಬಿದ್ದರೂ ಪೂರ್ತಿ ಐದು ನಿಮಿಷ ಕೂರಲೇಬೇಕು. ಸರಾಸರಿ ಹೇಳುವುದಾದರೆ ಐದು ಪವರ್ ಪ್ಲೇ ಸಿಕ್ಕರೆ ಸುಮಾರು ಒಂದು ಗೋಲು. ಏಳು–ಎರಡು ಅಂದರೆ ಐದು ಪವರ್ ಪ್ಲೇ ವ್ಯತ್ಯಾಸ, ಅಂದರೆ ಹತ್ತಿರ ಹತ್ತಿರ ಒಂದು ಗೋಲಿನ ವ್ಯತ್ಯಾಸ. ಮೂರು–ಎರಡರಲ್ಲಿ ಮುಗಿಯುವ ಆಟದಲ್ಲಿ ಇದು ಸಣ್ಣ ವಿಷಯ ಅಲ್ಲ. ನಿಮಗೆ ಹೊಟ್ಟೆ ಉರಿದಿದ್ದು ಸಹಜ.

ಈಗ ಅಳತೆಯ ವಿಷಯ. ಕಾಲೇಜು ಆಟ ಎಲ್ಲ ಎನ್‌ಸಿಎಎ ಅನ್ನುವ ಒಂದೇ ಸಂಸ್ಥೆಯ ಕೆಳಗೆ ನಡೆಯುತ್ತದೆ, ನಿಯಮದ ಪುಸ್ತಕವೂ ಒಂದೇ. ಆದರೆ ಸೀಸನ್ನಿನ ಆಟಗಳಿಗೆ ರೆಫ್ರಿಗಳನ್ನು ಕಳಿಸುವುದು ಎನ್‌ಸಿಎಎ ಅಲ್ಲ, ಆಯಾ ಲೀಗು. ಪುರುಷರ ಮೇಲ್ಮಟ್ಟದಲ್ಲಿ ಅರವತ್ತಕ್ಕೂ ಹೆಚ್ಚು ತಂಡಗಳಿವೆ, ಲೀಗುಗಳು ಆರು: ಹಾಕಿ ಈಸ್ಟ್, ಇಸಿಎಸಿ, ಬಿಗ್ ಟೆನ್, ಎನ್‌ಸಿಎಚ್‌ಸಿ, ಸಿಸಿಎಚ್‌ಎ, ಅಟ್ಲಾಂಟಿಕ್ ಹಾಕಿ ಅಮೆರಿಕ. ಒಬ್ಬೊಬ್ಬ ಮೇಲ್ವಿಚಾರಕರ ಮನಸ್ಸಿನಲ್ಲಿ ಒಂದೊಂದು ಗೆರೆ. ಒಂದು ಕಡೆ ಗೋಲಿನ ಮುಂದೆ ತಳ್ಳಾಟಕ್ಕೆ ಸಡಿಲ ಬಿಡುತ್ತಾರೆ, ಇನ್ನೊಂದು ಕಡೆ ಸ್ಟಿಕ್ ಸೊಂಟಕ್ಕೆ ತಾಗಿದರೆ ಸಾಕು, ಪೆನಾಲ್ಟಿ ಅಂತ ರೆಫ್ರಿಯ ಕೈ ಮೇಲೆ ಹೋಗುತ್ತದೆ. ಲೀಗಿನ ಒಳಗೆ ಆಡುವಾಗ ಆಟಗಾರರು ಇದಕ್ಕೆ ಹೊಂದಿಕೊಂಡಿರುತ್ತಾರೆ. ಅಕ್ಟೋಬರಿನಲ್ಲಿ ಬೇರೆ ಲೀಗಿನ ತಂಡದ ಊರಿಗೆ ಹೋದಾಗ ನೋಡಿ, ಸಾಮಾನ್ಯವಾಗಿ ಆ ಊರಿನ ಲೀಗಿನ ರೆಫ್ರಿಗಳೇ ನಿಂತಿರುತ್ತಾರೆ. ಹೋದವರಿಗೆ ಮೊದಲ ಹತ್ತು ನಿಮಿಷ ಏನು ನಡೀತಾ ಇದೆ ಅಂತಲೇ ತಿಳಿಯುವುದಿಲ್ಲ. ‘ಮನೆಯವರ ರೆಫ್ರಿ’ ಅನ್ನುವ ಮಾತು ಅಲ್ಲಿಂದ ಹುಟ್ಟುತ್ತದೆ. ನನ್ನ ಪ್ರಕಾರ ಅದು ಮೋಸ ಅಲ್ಲ, ಅದು ಬೇರೆ ಊರಿನ ಮೊಳ. ಆದರೆ ಮೊಳ ಬೇರೆ ಬೇರೆ ಇರುವುದೇ ಒಂದು ತಪ್ಪು, ಇದನ್ನು ಎನ್‌ಸಿಎಎ ಇನ್ನೂ ಗಟ್ಟಿಯಾಗಿ ತಿದ್ದಬೇಕು.

ಇನ್ನೊಂದು ಮಾತು. ಈ ರೆಫ್ರಿಗಳಲ್ಲಿ ಬಹಳ ಜನಕ್ಕೆ ಇದು ಪೂರ್ತಿ ಕೆಲಸ ಅಲ್ಲ. ಆಟಕ್ಕಿಷ್ಟು ಅಂತ ಹಣ. ವಾರದಲ್ಲಿ ಶಾಲೆಯಲ್ಲಿ ಪಾಠ ಮಾಡುವವರು, ಪೊಲೀಸ್ ಕೆಲಸದಲ್ಲಿ ಇರುವವರು, ವಿಮೆ ಮಾರುವವರು ಶುಕ್ರವಾರ ಮಧ್ಯಾಹ್ನ ಹಿಮದಲ್ಲಿ ಮೂರು–ನಾಲ್ಕು ಗಂಟೆ ಕಾರು ಓಡಿಸಿಕೊಂಡು ಬಂದು ರಾತ್ರಿ ಏಳಕ್ಕೆ ಸ್ಕೇಟ್ ಕಟ್ಟುತ್ತಾರೆ. ಎದುರಿಗೆ ಇರುವ ಹುಡುಗರಲ್ಲಿ ಕೆಲವರನ್ನು ಆಗಲೇ ಎನ್‌ಎಚ್‌ಎಲ್ ಅನ್ನುವ ವೃತ್ತಿಪರ ಲೀಗಿನ ತಂಡಗಳು ಆರಿಸಿಕೊಂಡಿರುತ್ತವೆ. ವೇಗ ಆ ಮಟ್ಟದ್ದು.

ರೆಫ್ರಿ ಎಲ್ಲಿ ನಿಂತು ಏನು ನೋಡುತ್ತಾನೆ ಅಂತ ಒಂದು ಚಿತ್ರ ಕೊಡುತ್ತೇನೆ, ಇದು ಬಹಳ ಮುಖ್ಯ. ಐಸಿನ ಮೇಲೆ ನಾಲ್ಕು ಜನ ಇರುತ್ತಾರೆ. ತೋಳಿಗೆ ಕಿತ್ತಳೆ ಪಟ್ಟಿ ಇರುವ ಇಬ್ಬರು ರೆಫ್ರಿಗಳು, ಪಟ್ಟಿ ಇಲ್ಲದ ಇಬ್ಬರು ಲೈನ್ಸ್‌ಮನ್. ಲೈನ್ಸ್‌ಮನ್ ಆಫ್‌ಸೈಡ್, ಐಸಿಂಗ್ ಅನ್ನುವ ಗೆರೆಯ ತಪ್ಪುಗಳನ್ನು ನೋಡುತ್ತಾರೆ, ಬಹುಪಾಲು ಪೆನಾಲ್ಟಿ ಆ ಇಬ್ಬರು ರೆಫ್ರಿಗಳದ್ದೇ. ಆಟ ಒಂದು ಗೋಲಿನ ಹತ್ತಿರ ಇದ್ದಾಗ ಒಬ್ಬ ರೆಫ್ರಿ ಮೂಲೆಯಲ್ಲಿ ಗೋಲಿನ ಗೆರೆಯ ಬಳಿ, ಇನ್ನೊಬ್ಬ ಹಿಂದೆ, ಆ ತಂಡದ ಭಾಗ ಶುರುವಾಗುವ ಬ್ಲೂ ಲೈನ್ ಅನ್ನುವ ನೀಲಿ ಗೆರೆಯ ಹೊರಗೆ. ಈಗ ಇಬ್ಬರು ಆಟಗಾರರು ಬೋರ್ಡಿಗೆ (ರಿಂಕಿನ ಸುತ್ತಲಿನ ಗೋಡೆಗೆ) ಅಂಟಿಕೊಂಡು ಪಕ್‌ಗಾಗಿ (ಚೆಂಡಿನ ಬದಲಿನ ರಬ್ಬರ್ ಬಿಲ್ಲೆಗಾಗಿ) ಗುದ್ದಾಡುತ್ತಿದ್ದಾರೆ ಅಂದುಕೊಳ್ಳಿ. ಹಿಂದಿನವನ ಸ್ಟಿಕ್ ಮುಂದಿನವನ ಎರಡು ಕಾಲಿನ ನಡುವೆ ಹೋಗುತ್ತದೆ. ಮುಂದಿನವನು ಬೀಳುತ್ತಾನೆ. ಗ್ಯಾಲರಿಯಲ್ಲಿ ಮೇಲೆ ಕೂತ ನಿಮಗೆ ಸ್ಟಿಕ್ಕೂ ಕಾಲೂ ಸರಿಯಾಗಿ ಕಾಣುತ್ತವೆ. ಮೂಲೆಯ ರೆಫ್ರಿಗೆ ಕಾಣುವುದು ಮುಂದಿನವನ ಎದೆ ಮತ್ತು ಬೀಳುವ ದೇಹ. ಹಿಂದಿನ ರೆಫ್ರಿಗೆ ಕಾಣುವುದು ಹಿಂದಿನವನ ಬೆನ್ನು. ಸ್ಟಿಕ್ ಇಬ್ಬರಿಗೂ ಕಾಣಿಸಲಿಲ್ಲ. ಕಾಣದ ತಪ್ಪಿಗೆ ಕೈ ಎತ್ತಬಾರದು, ಬಿದ್ದ ಅಂತ ಊಹೆ ಮಾಡಿ ಊದಬಾರದು ಅಂತ ನಮಗೆ ಮೊದಲ ದಿನವೇ ಹೇಳಿಕೊಡುತ್ತಾರೆ. ಅದೇ ಗುದ್ದಾಟ ಎರಡು ನಿಮಿಷದ ನಂತರ ಎದುರಿನ ಮೂಲೆಯಲ್ಲಿ ನಡೆಯುತ್ತದೆ, ಈ ಸಲ ರೆಫ್ರಿ ಅರ್ಧ ಹೆಜ್ಜೆ ಎಡಕ್ಕೆ ಸರಿದಿದ್ದಾನೆ, ಸ್ಟಿಕ್ ಸ್ಪಷ್ಟ ಕಂಡಿತು, ಕೈ ಮೇಲೆ. ನಾಲ್ಕು ಸಾವಿರ ಜನಕ್ಕೆ ಅದು ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ. ಅವನಿಗೆ ಅದು ಕಂಡಿದ್ದು ಮತ್ತು ಕಾಣದ್ದು, ಅಷ್ಟೇ.

ರಿಂಕ್‌ಗಳೂ ಒಂದೇ ಅಳತೆಯವಲ್ಲ. ಸಾಮಾನ್ಯ ರಿಂಕ್ 200 ಅಡಿ ಉದ್ದ, 85 ಅಡಿ ಅಗಲ. ಮಿನ್ನೆಸೋಟ ವಿಶ್ವವಿದ್ಯಾಲಯದ ರಿಂಕ್ ಬಹಳ ವರ್ಷ 100 ಅಡಿ ಅಗಲ ಇತ್ತು, 2023ರಲ್ಲಿ ಕಿರಿದು ಮಾಡಿದರು. ಅಗಲ ಜಾಸ್ತಿ ಇದ್ದಷ್ಟು ರೆಫ್ರಿ ದೂರ ಆಗುತ್ತಾನೆ.

ಆಮೇಲೆ ನಿಯಮದ ಪುಸ್ತಕವೇ ಎಷ್ಟೋ ಕಡೆ ತೀರ್ಮಾನವನ್ನು ರೆಫ್ರಿಯ ಮೇಲೆ ಬಿಟ್ಟಿದೆ. ಹುಕಿಂಗ್ ಅಂದರೆ ಸ್ಟಿಕ್ಕಿನಿಂದ ಎದುರಿನವನ ಓಟಕ್ಕೆ ಅಡ್ಡಿ ಮಾಡುವುದು. ಎಷ್ಟು ಅಡ್ಡಿ? ಸ್ಟಿಕ್ ಕೈಗೆ ತಾಗಿ ಆಟಗಾರ ಒಂದಿಂಚೂ ನಿಧಾನ ಆಗಲಿಲ್ಲ ಅಂದರೆ? ನಿಧಾನ ಆದ, ಆದರೂ ಪಾಸ್ ಕೊಟ್ಟುಬಿಟ್ಟ ಅಂದರೆ? ಒಂದು ಆಟದಲ್ಲಿ ಇಂಥ ತಾಗಾಟ ನೂರಾರು. ಪುಸ್ತಕದ ಅಕ್ಷರ ಹಿಡಿದು ಎಲ್ಲಕ್ಕೂ ಊದಿದರೆ ಆಟವೇ ನಡೆಯುವುದಿಲ್ಲ, ಯಾವುದಕ್ಕೂ ಊದದಿದ್ದರೆ ಆಟ ಉಳಿಯುವುದಿಲ್ಲ. ಎನ್‌ಎಚ್‌ಎಲ್ 2005–06ರಲ್ಲಿ ಈ ಅಡ್ಡಿ ಮಾಡುವ ಆಟಕ್ಕೆ ಕಡಿವಾಣ ಹಾಕಲು ಹೊರಟಾಗ ಪೆನಾಲ್ಟಿಗಳ ಸಂಖ್ಯೆ ಒಮ್ಮೆಲೇ ಏರಿತು. ಪುಸ್ತಕದ ಮಾತು ಹೆಚ್ಚುಕಡಿಮೆ ಹಾಗೇ ಇತ್ತು, ಗೆರೆ ಮಾತ್ರ ಸರಿದಿತ್ತು.

ಈಗ ನಿಮ್ಮ ಶುಕ್ರವಾರಕ್ಕೆ ಬರೋಣ. ಏಳು–ಎರಡು ನ್ಯಾಯವಾಗಿಯೇ ಬರಬಹುದು. ಪಕ್ ಯಾರ ಬಳಿ ಜಾಸ್ತಿ ಹೊತ್ತು ಇರುತ್ತದೋ ಅವರು ಕಡಿಮೆ ತಪ್ಪು ಮಾಡುತ್ತಾರೆ. ಬೆನ್ನಟ್ಟುವವನು ಸ್ಟಿಕ್ ಚಾಚುತ್ತಾನೆ. ಕಾಲು ಸೋತವನು ಕೈ ಬಳಸುತ್ತಾನೆ. ನಿಮ್ಮವರು ಅವತ್ತು ಅರ್ಧ ಸೆಕೆಂಡ್ ತಡವಾಗಿ ಓಡುತ್ತಿದ್ದರೆ, ಏಳೂ ಪೆನಾಲ್ಟಿ ನಿಜವಾದ ಪೆನಾಲ್ಟಿಯೇ ಆಗಿರಬಹುದು. ಕೂತು ನೋಡಿದ ನಿಮಗೆ ನೆನಪಿರುತ್ತದೆ: ಶುಕ್ರವಾರ ನಿಮ್ಮ ಗೋಲಿಯ ಮೇಲೆ ಎಷ್ಟು ಹೊಡೆತ ಬಂತು, ಎದುರಿನ ಗೋಲಿಯ ಮೇಲೆ ಎಷ್ಟು ಹೋಯಿತು? ಆ ಲೆಕ್ಕವೂ ಒಂದೇ ಕಡೆ ವಾಲಿದ್ದರೆ ಪೆನಾಲ್ಟಿ ಲೆಕ್ಕ ವಾಲಿದ್ದರಲ್ಲಿ ಆಶ್ಚರ್ಯ ಇಲ್ಲ. ಎರಡು ತಂಡ ಸಮವಾಗಿ ಆಡುವುದಿಲ್ಲ, ಸಮವಾಗಿ ತಪ್ಪೂ ಮಾಡುವುದಿಲ್ಲ.

ಹಾಗಾದರೆ ಲೆಕ್ಕ ಯಾಕೆ ಇಷ್ಟು ಸಲ ಸಮವಾಗಿಯೇ ಮುಗಿಯುತ್ತದೆ?

ಇದರ ಬಗ್ಗೆ ಎನ್‌ಎಚ್‌ಎಲ್ ಆಟಗಳ ಮೇಲೆ ಸಾಕಷ್ಟು ಅಧ್ಯಯನ ನಡೆದಿದೆ. ಜೇಸನ್ ಅಬ್ರೆವಾಯ ಮತ್ತು ರಾಬರ್ಟ್ ಮೆಕಲಕ್ ಎನ್ನುವ ಇಬ್ಬರು 2014ರಲ್ಲಿ ಪ್ರಕಟಿಸಿದ ಕೆಲಸ ಒಂದು. ಹಿಂದಿನ ಪೆನಾಲ್ಟಿ ಯಾರಿಗೆ ಹೋಯಿತೋ, ಮುಂದಿನದು ಎದುರಿನವರಿಗೆ ಹೋಗುವ ಸಾಧ್ಯತೆ ಜಾಸ್ತಿ ಅಂತ ಅವರಿಗೆ ಕಂಡಿತು. ಅದಕ್ಕೂ ಮುಂಚೆ 2009ರಲ್ಲಿ ಬ್ರಿಂಬರ್ಗ್ ಮತ್ತು ಹರ್ಲಿ ಎನ್ನುವವರಿಗೂ ಇಂಥದ್ದೇ ಕಂಡಿತ್ತು. ರೆಫ್ರಿಗೆ ಹಿಂದಿನ ಸೀಟಿ ನೆನಪಿರುತ್ತದೆ. ಪ್ರತಿ ತಪ್ಪನ್ನೂ ಅದರಷ್ಟಕ್ಕೇ ನೋಡುತ್ತಿದ್ದರೆ ಹೀಗೆ ಆಗುತ್ತಿರಲಿಲ್ಲ. ಆಟಗಾರರೂ ರೆಫ್ರಿಗಳೂ ಇದಕ್ಕೆ ಮೇಕಪ್ ಕಾಲ್ ಅಂತಾರೆ. ನಾನು ಸರಿತೂಗಿಸುವ ಸೀಟಿ ಅಂತ ಕರೆಯುತ್ತೇನೆ.

2021ರ ಮಾರ್ಚಿನಲ್ಲಿ ಇದು ಎಲ್ಲರ ಕಿವಿಗೂ ಬಿತ್ತು. ನ್ಯಾಶ್‌ವಿಲ್–ಡೆಟ್ರಾಯಿಟ್ ಎನ್‌ಎಚ್‌ಎಲ್ ಆಟದಲ್ಲಿ ಟಿಮ್ ಪೀಲ್ ಎನ್ನುವ ಹಿರಿಯ ರೆಫ್ರಿಯ ಮೈಕ್ ಆನ್ ಆಗಿಯೇ ಉಳಿದಿತ್ತು. ದೊಡ್ಡ ತಪ್ಪೇನೂ ಅಲ್ಲ, ಆದರೂ ನ್ಯಾಶ್‌ವಿಲ್ ಮೇಲೆ ಬೇಗ ಒಂದು ಪೆನಾಲ್ಟಿ ಕೊಡಬೇಕು ಅಂತ ತನಗಿತ್ತು ಅನ್ನುವ ಅರ್ಥದ ಮಾತು ಟಿವಿಯಲ್ಲಿ ಕೇಳಿಸಿತು. ಮರುದಿನವೇ ಲೀಗು ಅವರನ್ನು ಇನ್ನು ಮುಂದೆ ಆಟಕ್ಕೆ ಹಾಕುವುದಿಲ್ಲ ಅಂತ ಹೇಳಿತು. ಎಷ್ಟೋ ಜನ ಆ ಒಬ್ಬರನ್ನು ಬೈದರು. ನನಗೆ ಬೇಜಾರಾಗಿದ್ದು ಬೇರೆ ಕಾರಣಕ್ಕೆ. ಅವರು ಹೇಳಿದ್ದು ನಮ್ಮ ಡ್ರೆಸ್ಸಿಂಗ್ ರೂಮುಗಳಲ್ಲಿ ‘ಗೇಮ್ ಮ್ಯಾನೇಜ್‌ಮೆಂಟ್’ ಅನ್ನುವ ಒಳ್ಳೆಯ ಹೆಸರಿನಲ್ಲಿ ಎಷ್ಟೋ ಸಲ ಕೇಳಿದ ಮಾತು.

ನಾನೂ ಮಾಡಿದ್ದೇನೆ. ಒಂದು ಹೈಸ್ಕೂಲ್ ಆಟ, ಎರಡನೇ ಪೀರಿಯಡ್. ಬಿಳಿ ಜೆರ್ಸಿಯ ಹುಡುಗನ ಮೇಲೆ ಟ್ರಿಪ್ಪಿಂಗ್ ಊದಿದೆ. ಕೈ ಇಳಿಸುವಷ್ಟರಲ್ಲಿ ಗೊತ್ತಾಯಿತು, ಬಿದ್ದವನು ತನ್ನದೇ ಸ್ಕೇಟ್ ಎಡವಿ ಬಿದ್ದಿದ್ದ. ಸೀಟಿ ಊದಿ ಆಗಿತ್ತು, ವಾಪಸ್ ತೆಗೆದುಕೊಳ್ಳುವ ಧೈರ್ಯ ಇರಲಿಲ್ಲ. ಆ ಪವರ್ ಪ್ಲೇಯಲ್ಲಿ ಗೋಲು ಬೀಳಲಿಲ್ಲ, ನನಗೆ ಸಮಾಧಾನ ಆಯಿತು. ಆದರೆ ಆ ಮುಂದಿನ ಐದು ನಿಮಿಷ ನನ್ನ ಕಣ್ಣು ನೀಲಿ ಜೆರ್ಸಿಯ ಸ್ಟಿಕ್‌ಗಳನ್ನೇ ಹುಡುಕುತ್ತಿತ್ತು. ಒಬ್ಬ ಡಿಫೆನ್ಸ್ ಹುಡುಗ ಎದುರಿನವನ ಸೊಂಟಕ್ಕೆ ಕೈ ಇಟ್ಟ. ಹಿಡಿಯಲಿಲ್ಲ, ಸುಮ್ನೆ ಇಟ್ಟ. ನನ್ನ ಕೈ ಮೇಲೆ ಹೋಯಿತು. ಪೆನಾಲ್ಟಿ ಬಾಕ್ಸಿನ ಬಾಗಿಲಲ್ಲಿ ಅವನು ತಿರುಗಿ ನೋಡಿದ. ಕೂಗಲಿಲ್ಲ, ಸ್ಟಿಕ್ ಬಡಿಯಲಿಲ್ಲ. ‘ನಾನೇನು ಮಾಡಿದೆ?’ ಅಂತ ಕೇಳಿದ. ಹದಿನಾರು ವರ್ಷದ ಹುಡುಗ. ಹೋಲ್ಡಿಂಗ್ ಅಂತ ಹೇಳಿ ಸ್ಕೋರ್ ಟೇಬಲ್ ಕಡೆ ಹೋದೆ. ಆ ಪವರ್ ಪ್ಲೇಯಲ್ಲಿ ಗೋಲು ಬಿತ್ತು. ಆಟ ಮುಗಿದ ಮೇಲೆ ಇಬ್ಬರು ಕೋಚ್‌ಗಳೂ ಕೈ ಕುಲುಕಿ ‘ನ್ಯಾಯವಾಗಿ ನಡೆಸಿದಿರಿ’ ಅಂದರು. ಪೆನಾಲ್ಟಿ ಲೆಕ್ಕ ಮೂರು–ಮೂರು ಇತ್ತು, ಅದಕ್ಕೇ ಹಾಗಂದರು. ಆ ರಾತ್ರಿ ಮನೆಗೆ ಕಾರು ಓಡಿಸುವಾಗ ಆ ಹುಡುಗನ ಮುಖ ಕಣ್ಣ ಮುಂದಿನಿಂದ ಹೋಗಲಿಲ್ಲ. ಇವತ್ತಿಗೂ ಹೋಗಿಲ್ಲ.

ಇದರಿಂದ ಪೆಟ್ಟು ಯಾರಿಗೆ ಅಂತ ನೋಡಿ. ಶಿಸ್ತಿನಿಂದ ಆಡುವ ತಂಡಕ್ಕೆ. ಒಂದು ತಂಡದ ಕೋಚ್ ಸ್ಟಿಕ್ ಕೆಳಗಿಡಿ, ಕಾಲು ಓಡಿಸಿ ಅಂತ ವರ್ಷವಿಡೀ ಹೇಳಿ ಹೇಳಿ ತಯಾರು ಮಾಡಿರುತ್ತಾನೆ. ಎದುರಿನವರು ಎಳೆಯುತ್ತಾರೆ, ತಡೆಯುತ್ತಾರೆ. ನ್ಯಾಯವಾಗಿ ಪೆನಾಲ್ಟಿ ಲೆಕ್ಕ ಎಂಟು–ಮೂರರಲ್ಲಿ ಮುಗಿಯಬೇಕು. ಆದರೆ ಮೂರು–ಸೊನ್ನೆ ಆದ ಕೂಡಲೇ ರೆಫ್ರಿಯ ತಲೆಯಲ್ಲಿ ತಕ್ಕಡಿ ಏಳುತ್ತದೆ. ಮುಂದಿನ ಸಣ್ಣ ತಾಗಾಟ ಶಿಸ್ತಿನವರ ಲೆಕ್ಕಕ್ಕೆ ಹೋಗುತ್ತದೆ, ಎಳೆದಾಡುವವರ ನಾಲ್ಕನೆಯದು ಕಾಣದೇ ಹೋಗುತ್ತದೆ. ಎಳೆದಾಡುವ ಕೋಚ್‌ಗೂ ಇದು ಗೊತ್ತು. ಎಲ್ಲಕ್ಕೂ ಊದುವುದಿಲ್ಲ ಅಂತ ಗೊತ್ತಿದ್ದ ಮೇಲೆ ಎಳೆದಾಡುವುದೇ ಲಾಭ, ಅಲ್ವಾ? ಇದಕ್ಕೇ ನಾನು ಪಕ್ಷಪಾತ ಅನ್ನುವುದು. ಇದಕ್ಕೆ ಜೆರ್ಸಿಯ ಬಣ್ಣ ಬೇಕಿಲ್ಲ, ಯಾರು ಜಾಸ್ತಿ ತಪ್ಪು ಮಾಡುತ್ತಾರೋ ಅವರ ಪರ ಇರುತ್ತದೆ. ಕಾಲೇಜಿನಲ್ಲಿ ಹೊಡೆದವನಿಗೂ ಬಿದ್ದವನಿಗೂ ಒಟ್ಟಿಗೆ ಎರಡೆರಡು ನಿಮಿಷ ಕೊಡುವುದನ್ನು ನೀವು ನೋಡಿರುತ್ತೀರಿ. ಬಿದ್ದವನು ನಿಜವಾಗಿ ನಾಟಕ ಮಾಡಿದ್ದರೆ ಸರಿ. ಸುಮ್ಮನೆ ಎರಡೂ ಬೆಂಚುಗಳ ಬಾಯಿ ಮುಚ್ಚಿಸಲು ಕೊಟ್ಟಿದ್ದರೆ ಅದೂ ಇದೇ ರೋಗ.

ನಿಮ್ಮ ಶನಿವಾರದ ನಾಲ್ಕು–ನಾಲ್ಕು ಇಂಥದ್ದೇ ಅಂತ ಆಟ ನೋಡದೆ ನಾನು ಹೇಳಲಾರೆ. ಶುಕ್ರವಾರ ಏಳು ಪೆನಾಲ್ಟಿ ತಿಂದ ಮೇಲೆ ನಿಮ್ಮ ಕೋಚ್ ಹುಡುಗರಿಗೆ ಚೆನ್ನಾಗಿ ಬೈದು ತಿದ್ದಿರಬಹುದು, ಅವರು ನಿಜಕ್ಕೂ ಚೊಕ್ಕವಾಗಿ ಆಡಿರಬಹುದು. ಗೊತ್ತು ಮಾಡಿಕೊಳ್ಳಲು ಒಂದು ದಾರಿ ಇದೆ. ಒಟ್ಟು ಲೆಕ್ಕ ಬಿಡಿ, ಬಂದ ಕ್ರಮ ನೋಡಿ. ಪೆನಾಲ್ಟಿಗಳ ಪಟ್ಟಿ ಲೀಗಿನ ಸೈಟಿನಲ್ಲೇ ಸಮಯದ ಸಮೇತ ಸಿಗುತ್ತದೆ. ನಮ್ಮದು, ಅವರದು, ನಮ್ಮದು, ಅವರದು ಅಂತ ಮಗ್ಗಿ ಹೇಳಿದ ಹಾಗೆ ಬಂದಿದ್ದರೆ, ಅದರಲ್ಲೂ ನಿಮ್ಮ ಪೆನಾಲ್ಟಿ ಮುಗಿದ ಎರಡು–ಮೂರು ನಿಮಿಷದೊಳಗೆ ಅವರ ಮೇಲೆ ಒಂದು ಸಪ್ಪೆ ಹೋಲ್ಡಿಂಗ್ ಬಂದಿದ್ದರೆ, ನನಗೆ ಅನುಮಾನ ಗಟ್ಟಿಯಾಗುತ್ತದೆ.

ಜನರ ಕೂಗಿನ ಪರಿಣಾಮ ಇಲ್ಲವೇ ಅಂತ ನೀವು ಕೇಳಬಹುದು. ಇದೆ. ಇಂಗ್ಲೆಂಡಿನಲ್ಲಿ ಒಂದು ಪ್ರಯೋಗ ಆಗಿತ್ತು, 2002ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದ 40 ಫುಟ್‌ಬಾಲ್ ರೆಫ್ರಿಗಳಿಗೆ ಲಿವರ್‌ಪೂಲ್–ಲೆಸ್ಟರ್ ಆಟದ ಅವೇ ತುಣುಕುಗಳನ್ನು ತೋರಿಸಿದರು, ಅರ್ಧ ಜನಕ್ಕೆ ಪ್ರೇಕ್ಷಕರ ಗದ್ದಲದ ಜೊತೆ, ಅರ್ಧ ಜನಕ್ಕೆ ಸದ್ದಿಲ್ಲದೆ. ಗದ್ದಲ ಕೇಳಿದವರು ತವರು ತಂಡದ ಮೇಲೆ ಶೇಕಡ 15ರಷ್ಟು ಕಡಿಮೆ ಫೌಲ್ ಕೊಟ್ಟರು. ಕೊರೊನಾ ಕಾಲದಲ್ಲಿ ಯುರೋಪಿನಲ್ಲಿ ಖಾಲಿ ಮೈದಾನದಲ್ಲಿ ಆಡಿದಾಗ ಹೊರಗಿನಿಂದ ಬಂದ ತಂಡಗಳಿಗೆ ಸಿಗುವ ಹಳದಿ ಕಾರ್ಡ್‌ಗಳು ಇಳಿದವು. ರೆಫ್ರಿಗೆ ಲಂಚ ಕೊಟ್ಟಿಲ್ಲ, ಹೆದರಿಸಿಲ್ಲ, ಅವನಿಗೆ ಅರಿವೇ ಇಲ್ಲ. ಅನುಮಾನ ಇದ್ದ ಕಡೆ ಕಿವಿ ಕಣ್ಣಿಗೆ ಸಹಾಯ ಮಾಡಿಬಿಡುತ್ತದೆ. ಆದರೆ ನಿಮ್ಮ ಏಳು ಪೆನಾಲ್ಟಿ ನಿಮ್ಮದೇ ರಿಂಕಿನಲ್ಲಿ, ನಿಮ್ಮದೇ ವಿದ್ಯಾರ್ಥಿಗಳ ಕೂಗಿನ ನಡುವೆ ಬಂದವು. ಕೂಗು ಅವತ್ತು ನಿಮ್ಮ ಪರವೇ ಇತ್ತು.

ಆಟದ ಕೊನೆಗೆ, ಓವರ್‌ಟೈಮಿನಲ್ಲಿ (ಗೋಲು ಸಮ ಆದಾಗ ಆಡುವ ಹೆಚ್ಚುವರಿ ಸಮಯ) ಸೀಟಿ ಕಡಿಮೆ ಆಗುವುದೂ ನಿಜ. ಆಟವನ್ನು ರೆಫ್ರಿ ನಿರ್ಧಾರ ಮಾಡಬಾರದು ಅನ್ನುವ ನಂಬಿಕೆ ಅದಕ್ಕೆ ಕಾರಣ. ನನಗೆ ಇದು ಒಪ್ಪಿಗೆ ಇಲ್ಲ. ಊದದೇ ಇರುವುದೂ ಒಂದು ನಿರ್ಧಾರವೇ.

ವಿಡಿಯೋ ಬಂದ ಮೇಲೆ ಎಲ್ಲ ಸರಿ ಹೋಗುತ್ತದೆ ಅಂದುಕೊಂಡಿದ್ದೆವು. ಕೆಲವು ಸರಿ ಹೋಗಿವೆ. ಫಾರ್ಗೊ ಊರಿನ ಶೀಲ್ಸ್ ಅರೀನಾದ ಎರಡು ಆಟ ಹೇಳುತ್ತೇನೆ. 2017ರ ಮಾರ್ಚಿನಲ್ಲಿ ಎನ್‌ಸಿಎಎ ಟೂರ್ನಿಯಲ್ಲಿ ನಾರ್ತ್ ಡಕೋಟ ಮತ್ತು ಬೋಸ್ಟನ್ ವಿಶ್ವವಿದ್ಯಾಲಯ ಆಡಿದವು. ಫಾರ್ಗೊ ನಾರ್ತ್ ಡಕೋಟ ತಂಡಕ್ಕೆ ಮನೆಯಂಗಳ ಇದ್ದ ಹಾಗೆ, ರಿಂಕ್ ತುಂಬ ಅವರದೇ ಹಸಿರು. ಓವರ್‌ಟೈಮಿನಲ್ಲಿ ನಾರ್ತ್ ಡಕೋಟ ಗೋಲು ಹೊಡೆಯಿತು, ಇಡೀ ರಿಂಕ್ ಎದ್ದು ಕುಣಿಯಿತು. ಆಮೇಲೆ ವಿಡಿಯೋ ನೋಡಿದರು. ಆಫ್‌ಸೈಡ್, ಅಂದರೆ ಪಕ್‌ಗಿಂತ ಮುಂಚೆ ಆಟಗಾರ ಬ್ಲೂ ಲೈನ್ ದಾಟಿದ್ದ. ಗೋಲು ಹೋಯಿತು. ಎರಡನೇ ಓವರ್‌ಟೈಮಿನಲ್ಲಿ ಚಾರ್ಲಿ ಮೆಕವಾಯ್ ಗೋಲು ಹೊಡೆದು ಬೋಸ್ಟನ್ 4–3ರಲ್ಲಿ ಗೆದ್ದಿತು. ನಾರ್ತ್ ಡಕೋಟದವರು ಅದನ್ನು ಇನ್ನೂ ಮರೆತಿಲ್ಲ. ನಾಲ್ಕು ವರ್ಷ ಬಿಟ್ಟು, 2021ರ ಮಾರ್ಚಿನಲ್ಲಿ, ಅದೇ ರಿಂಕ್, ಅದೇ ಟೂರ್ನಿ. ಈ ಸಲ ಎದುರಿಗೆ ಮಿನ್ನೆಸೋಟ ಡುಲೂತ್. ಓವರ್‌ಟೈಮಿನಲ್ಲಿ ಡುಲೂತ್ ಗೋಲು ಹೊಡೆದು ಗೆದ್ದೆವು ಅಂತ ಕುಣಿಯಿತು, ವಿಡಿಯೋ ನೋಡಿದರು, ಆಫ್‌ಸೈಡ್, ಗೋಲು ಹೋಯಿತು. ಈಗ ಲಾಭ ನಾರ್ತ್ ಡಕೋಟಕ್ಕೆ. ಆ ಆಟ ಐದನೇ ಓವರ್‌ಟೈಮಿನವರೆಗೆ ಹೋಗಿ 142 ನಿಮಿಷ 13 ಸೆಕೆಂಡ್ ಆದ ಮೇಲೆ ಡುಲೂತ್ 3–2ರಲ್ಲಿ ಗೆದ್ದಿತು, ಎನ್‌ಸಿಎಎ ಟೂರ್ನಿಯ ಅತಿ ಉದ್ದದ ಆಟ ಅದು. ಒಂದೇ ನಿಯಮ ಒಮ್ಮೆ ಕೊಂದಿತು, ಒಮ್ಮೆ ಉಳಿಸಿತು. ಹಗೆ ಇದ್ದಿದ್ದರೆ ಎರಡು ಸಲವೂ ಒಂದೇ ಕಡೆ ಬೀಳಬೇಕಿತ್ತು.

ಆದರೆ ಆಫ್‌ಸೈಡ್ ಅಂದರೆ ಗೆರೆ. ಸ್ಕೇಟ್ ಒಳಗೆ ಇತ್ತೋ ಹೊರಗೆ ಇತ್ತೋ ಕ್ಯಾಮೆರಾ ಹೇಳುತ್ತದೆ. ಹುಕಿಂಗಿಗೆ ಅಂಥ ಗೆರೆ ಇಲ್ಲ, ಎರಡು ನಿಮಿಷದ ಮಾಮೂಲಿ ಪೆನಾಲ್ಟಿಯನ್ನು ಯಾರೂ ಹೋಗಿ ವಿಡಿಯೋದಲ್ಲಿ ನೋಡುವುದಿಲ್ಲ. ಕಾಲೇಜಿನಲ್ಲಿ ಮೇಜರ್‌ಗಳನ್ನು ವಿಡಿಯೋದಲ್ಲಿ ನೋಡಬಹುದು, ತಲೆಗೆ ಬಿದ್ದ ಹೊಡೆತ ಮುಖ್ಯವಾಗಿ. ಅದರಿಂದ ಒಂದು ಹೊಸ ಗೊಂದಲ ಹುಟ್ಟಿದೆ. ಅನುಮಾನ ಇದ್ದಾಗ ರೆಫ್ರಿ ಮೊದಲು ಮೇಜರ್ ಅಂತ ಕೈ ತೋರಿಸುತ್ತಾನೆ, ಯಾಕೆಂದರೆ ಆಗ ನಿಧಾನವಾಗಿ ನೋಡಲು ಸಿಗುತ್ತದೆ. ನೋಡಿ ಬಂದು ಎರಡು ನಿಮಿಷಕ್ಕೆ ಇಳಿಸುತ್ತಾನೆ. ಅಷ್ಟರಲ್ಲಿ ಕೋಚ್ ಬೆಂಚಿನ ಮೇಲೆ ನಿಂತು ಕೂಗುತ್ತಿರುತ್ತಾನೆ. ಗ್ಯಾಲರಿಗೆ ಕಾಣುವುದು ಇಷ್ಟೇ: ಕೋಚ್ ಕೂಗಿದ, ರೆಫ್ರಿ ಬಗ್ಗಿದ. ಆಮೇಲೆ ದೊಡ್ಡ ರಿಂಕ್‌ಗಳಲ್ಲಿ ಇರುವಷ್ಟು ಕ್ಯಾಮೆರಾ ಸಣ್ಣ ಊರುಗಳಲ್ಲಿ ಇರುವುದಿಲ್ಲ.

ನನಗೆ ನಿಜವಾಗಿ ಸಿಟ್ಟು ಬರಿಸುವುದು ಮೌನ. ತಪ್ಪು ಎಲ್ಲರೂ ಮಾಡುತ್ತಾರೆ. ಆಟ ಮುಗಿದ ಮೇಲೆ ರೆಫ್ರಿ ಮಾತಾಡುವಂತಿಲ್ಲ. ಕೋಚ್ ಬಹಿರಂಗವಾಗಿ ರೆಫ್ರಿಯನ್ನು ಟೀಕಿಸಿದರೆ ಲೀಗು ಅವನ ಮೇಲೆ ಕ್ರಮ ತೆಗೆದುಕೊಳ್ಳುತ್ತದೆ. ಕೋಚ್ ವಿಡಿಯೋ ತುಣುಕು ಕಳಿಸಬಹುದು, ಮೇಲ್ವಿಚಾರಕರು ಉತ್ತರ ಕೊಡುತ್ತಾರೆ, ಆ ಉತ್ತರ ಅವರ ನಡುವೆಯೇ ಉಳಿಯುತ್ತದೆ. ಟಿಕೆಟ್ ಕೊಂಡು ಬಂದ ನಿಮಗೆ ಏನೂ ಗೊತ್ತಾಗುವುದಿಲ್ಲ. ಎನ್‌ಬಿಎ ಬಾಸ್ಕೆಟ್‌ಬಾಲಿನಲ್ಲಿ 2015ರಿಂದ ಹತ್ತಿರದ ಆಟಗಳ ಕೊನೆಯ ಎರಡು ನಿಮಿಷದ ಒಂದೊಂದು ತೀರ್ಮಾನವೂ ಸರಿಯೋ ತಪ್ಪೋ ಅಂತ ಲೀಗೇ ಪ್ರಕಟಿಸುತ್ತಿದೆ. ರೆಫ್ರಿಗಳಿಗೆ ಅದು ಇಷ್ಟ ಇಲ್ಲ, ಅವರ ಕಷ್ಟ ನನಗೂ ಅರ್ಥ ಆಗುತ್ತದೆ. ಆದರೂ ಕಾಲೇಜು ಹಾಕಿ ಲೀಗುಗಳು ವಾರಕ್ಕೆ ಐದು ತುಣುಕಾದರೂ ಹಾಕಿ, ಇದು ನಮ್ಮ ಗೆರೆ, ಇದು ಪೆನಾಲ್ಟಿ, ಇದು ಅಲ್ಲ, ಇಲ್ಲಿ ನಮ್ಮವರು ತಪ್ಪಿದರು ಅಂತ ಹೇಳಬೇಕು. ಹೇಳದೇ ಇರುವ ಜಾಗದಲ್ಲೇ ‘ನಮ್ಮನ್ನು ಕಂಡರೆ ಆಗಲ್ಲ’ ಬೆಳೆಯುವುದು.

ಇನ್ನು ನಿಮ್ಮ ಪಕ್ಕದ ಸೀಟಿನ ಹಿರಿಯರು. ಅವರ ಮೇಲೆ ನನಗೆ ಗೌರವ ಇದೆ, ಅವರಿಲ್ಲದೆ ಈ ಆಟ ಇಲ್ಲ. ಆದರೆ ನಾನು ಹೋದ ಪ್ರತಿ ರಿಂಕಿನಲ್ಲೂ ಅದೇ ಮಾತು ಕೇಳಿದ್ದೇನೆ. ಎಲ್ಲ ತಂಡದ ಮೇಲೂ ಹಗೆ ಇರುವ ರೆಫ್ರಿ ಯಾರ ಪರ ಇರುತ್ತಾನೆ ಹೇಳಿ? 1951ರಲ್ಲಿ ಡಾರ್ಟ್‌ಮತ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳು ಅಮೆರಿಕನ್ ಫುಟ್‌ಬಾಲ್ ಆಡಿ ದೊಡ್ಡ ಜಗಳ ಆಯಿತು. ಇಬ್ಬರು ಮನಶ್ಶಾಸ್ತ್ರಜ್ಞರು, ಹ್ಯಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್, ಅದೇ ಆಟದ ಫಿಲ್ಮನ್ನು ಎರಡೂ ಕಾಲೇಜಿನ ವಿದ್ಯಾರ್ಥಿಗಳಿಗೆ ತೋರಿಸಿ ತಪ್ಪು ಎಣಿಸಲು ಹೇಳಿದರು. ಡಾರ್ಟ್‌ಮತ್ ತಂಡ ಮಾಡಿದ ತಪ್ಪುಗಳು ಪ್ರಿನ್ಸ್‌ಟನ್ನಿನವರ ಎಣಿಕೆಯಲ್ಲಿ ಡಾರ್ಟ್‌ಮತ್ತಿನವರ ಎಣಿಕೆಯ ಎರಡು ಪಟ್ಟಿಗೂ ಜಾಸ್ತಿ ಇದ್ದವು. ಯಾರೂ ಸುಳ್ಳು ಹೇಳಲಿಲ್ಲ, ಅವರಿಗೆ ಹಾಗೇ ಕಂಡಿತು. ನಮ್ಮವನು ಬಿದ್ದರೆ ನಾವು ಹೊಡೆದವನನ್ನು ನೋಡುತ್ತೇವೆ, ಅವರವನು ಬಿದ್ದರೆ ಪಕ್ ಎಲ್ಲಿ ಹೋಯಿತು ಅಂತ ನೋಡುತ್ತೇವೆ.

ಅದಕ್ಕೆ ಒಂದು ಕೆಲಸ ಮಾಡಿ. ಮುಂದಿನ ಶುಕ್ರವಾರ ಒಂದು ಸಣ್ಣ ಪುಸ್ತಕ ತೆಗೆದುಕೊಂಡು ಹೋಗಿ. ಎರಡು ಸಾಲು ಮಾಡಿ. ಒಂದರಲ್ಲಿ ನಿಮ್ಮ ತಂಡ ಮಾಡಿ ತಪ್ಪಿಸಿಕೊಂಡ ತಪ್ಪುಗಳು, ಇನ್ನೊಂದರಲ್ಲಿ ಎದುರಿನವರು ಮಾಡಿ ತಪ್ಪಿಸಿಕೊಂಡಿದ್ದು. ಮೊದಲನೇ ಸಾಲು ತುಂಬಿಸುವುದು ಕಷ್ಟ, ಕಣ್ಣು ಕೇಳುವುದಿಲ್ಲ, ಬಲವಂತವಾಗಿ ಬರೆಯಿರಿ. ಪ್ರತಿ ಸೀಟಿಯ ಮುಂದೆ ಸಮಯ, ಆಗ ಎಷ್ಟು–ಎಷ್ಟು ಗೋಲು, ಹಿಂದಿನ ಪೆನಾಲ್ಟಿ ಯಾರದು, ಇಷ್ಟು ಬರೆದರೆ ಸಾಕು. ರೆಫ್ರಿ ಕೈ ಎತ್ತಿದ ಕ್ಷಣ ನೋಡಿ, ಸೀಟಿಯನ್ನಲ್ಲ. ತಪ್ಪು ಮಾಡಿದ ತಂಡ ಪಕ್ ತನ್ನ ಹಿಡಿತಕ್ಕೆ ತೆಗೆದುಕೊಂಡ ಮೇಲಷ್ಟೇ ಸೀಟಿ ಬರುತ್ತದೆ, ತಡವಾಗಿ ಊದಿದ ಅಂತ ಎಷ್ಟೋ ಜನ ಸುಮ್ನೆ ಕೂಗುತ್ತಾರೆ. ಆಗ ಅವನು ಎಲ್ಲಿ ನಿಂತಿದ್ದ, ಅವನಿಗೂ ಸ್ಟಿಕ್ಕಿಗೂ ನಡುವೆ ಯಾರಿದ್ದರು ಅಂತ ಒಮ್ಮೆ ಕಣ್ಣು ಹಾಯಿಸಿ.

ಹತ್ತು ಆಟ ಹೀಗೆ ಬರೆದ ಮೇಲೆ ಪುಟಗಳ ಫೋಟೊ ತೆಗೆದು ನನಗೆ ಕಳಿಸಿ. ಶನಿವಾರದ ಪುಟಗಳನ್ನು ಮೊದಲು ನೋಡುತ್ತೇನೆ.